ಸಂಜೆಯ ನೀರು, ಬೆಳಗಿನವರೆಗೂ ಒದ್ದೆ ಎಲೆ

ಕೈತೋಟದ ಬಗ್ಗೆ ಸಲಹೆ ಕೇಳಲು ಬರುವವರ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ ಆಗಿರುತ್ತದೆ: ಗಿಡಕ್ಕೆ ನೀರು ಬೆಳಿಗ್ಗೆ ಹಾಕಬೇಕೋ, ಸಂಜೆಯೋ? ಬೆಳಿಗ್ಗೆ ಎಂದರೆ ಮಾತು ಅಲ್ಲಿಗೇ ಮುಗಿಯಬೇಕು, ಮುಗಿಯುವುದಿಲ್ಲ. ಕಡೂರಿನ ಅಕ್ಕನ ಮನೆಯಲ್ಲಿ ಸಂಜೆಯೇ ಹಾಕುತ್ತಾರೆ, ಅವರ ಗುಲಾಬಿ ನಮ್ಮದಕ್ಕಿಂತ ಚೆನ್ನಾಗಿದೆ ಎಂಬ ತಕರಾರು ಬರುತ್ತದೆ. ತಕರಾರಿನಲ್ಲಿ ಹುರುಳಿಲ್ಲದಿಲ್ಲ. ಕಡೂರು, ಅರಸೀಕೆರೆಗಳ ಒಣಗಾಳಿಯಲ್ಲಿ ಸಂಜೆ ಎಲೆಗಳ ಮೇಲೆ ಬಿದ್ದ ನೀರು ಸಾಮಾನ್ಯವಾಗಿ ಬೇಗನೆ ಆರಿಹೋಗುತ್ತದೆ. ಆದರೆ ಮೂಡಿಗೆರೆ, ಸಕಲೇಶಪುರಗಳಲ್ಲಿ, ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಚಿಕ್ಕಮಗಳೂರು ಪಟ್ಟಣದಲ್ಲಿಯೂ, ತಂಪಾದ ರಾತ್ರಿಗಳಲ್ಲಿ ಅದೇ ನೀರು ಮರುದಿನ ಮಂಜು ಸರಿದು ಬಿಸಿಲು ತಾಗುವವರೆಗೆ ಎಲೆಯ ಮೇಲೆಯೇ ಉಳಿಯಬಹುದು.

ಪ್ರತಿವರ್ಷ ಹೇಳಿ ನನ್ನ ಗಂಟಲೊಣಗಿರುವ ಸಂಗತಿ ಇದೊಂದೇ: ನೀರು ಹಾಕಿದ ಹೊತ್ತನ್ನು ನೋಡುವ ಮೊದಲು, ಎಲೆ ಒಟ್ಟು ಎಷ್ಟು ಗಂಟೆ ಒದ್ದೆಯಾಗಿತ್ತು ಎಂದು ಲೆಕ್ಕ ಹಾಕಿ. ಗುಲಾಬಿಯ ಕಪ್ಪು ಚುಕ್ಕೆ ರೋಗದ ಶಿಲೀಂಧ್ರದ ಬೀಜಕಣ ಎಲೆಯ ಮೇಲೆ ಬಿದ್ದ ಮಾತ್ರಕ್ಕೆ ರೋಗ ಬಂದುಬಿಡುವುದಿಲ್ಲ. ಅದು ಮೊಳೆತು ಒಳಹೊಗಲು ಎಲೆ ಸುಮಾರು 7 ಗಂಟೆ ಎಡೆಬಿಡದೆ ಒದ್ದೆಯಾಗಿರಬೇಕು. ಇಬ್ಬನಿಯಿಂದ ಹೇಗೂ ಒದ್ದೆಯಾಗುತ್ತದಲ್ಲ ಎನ್ನುವವರಿದ್ದಾರೆ. ನಿಜ. ಇಬ್ಬನಿ ರಾತ್ರಿ 2 ಗಂಟೆಗೆ ಕಟ್ಟಿ ಬೆಳಿಗ್ಗೆ 8ಕ್ಕೆ ಆರಿತೆಂದು ಇಟ್ಟುಕೊಂಡರೆ 6 ಗಂಟೆಯಾಯಿತು. ನೀವು ಸಂಜೆ 6ಕ್ಕೇ ಎಲೆಗಳನ್ನು ತೋಯಿಸಿದರೆ ಆ 6 ಗಂಟೆ 14 ಆಗುತ್ತದೆ. ಅದೇ ನೀರನ್ನು ಬೆಳಿಗ್ಗೆ 7ಕ್ಕೆ ಹಾಕಿದರೆ, ಇಬ್ಬನಿಯಿಂದ ಅದಾಗಲೇ ನೆನೆದಿದ್ದ ಎಲೆಗೆ ಇನ್ನಷ್ಟು ಹನಿ ಸೇರಿ, ಎರಡೂ ಒಂದೇ ಬಿಸಿಲಿಗೆ ಹೆಚ್ಚುಕಡಿಮೆ ಒಟ್ಟಿಗೇ ಆರುತ್ತವೆ. ಬೆಳಗಿನ ನೀರಿನ ಹೆಚ್ಚುಗಾರಿಕೆ ಇರುವುದು ಬಹುಮಟ್ಟಿಗೆ ಇಲ್ಲಿಯೇ.

ಆಲ್ದೂರಿನ ಕಡೆಯ ಒಂದು ತೋಟದ ಮನೆಯಲ್ಲಿ ಅಮ್ಮನವರು ದಿನವೂ ಸಂಜೆ ಪೈಪು ಹಿಡಿದು ಗುಲಾಬಿಗಳಿಗೆ ತಲೆಸ್ನಾನ ಮಾಡಿಸುತ್ತಿದ್ದರು; ಯಜಮಾನರು ವಾರಕ್ಕೊಮ್ಮೆ ಶಿಲೀಂಧ್ರನಾಶಕ ಸಿಂಪಡಿಸುತ್ತಿದ್ದರು, ಅದನ್ನು ಅಮ್ಮನವರ ಪೈಪು ಅಂದೇ ಸಂಜೆ ತೊಳೆದುಹಾಕುತ್ತಿತ್ತು. ಇಬ್ಬರೂ ಗಿಡಗಳನ್ನು ಮಕ್ಕಳಂತೆ ನೋಡಿಕೊಳ್ಳುವವರಾದ್ದರಿಂದ ನನಗೆ ಗದರಲು ಮನಸ್ಸು ಬರಲಿಲ್ಲ. "ತೋಟಕ್ಕೆ ರಾತ್ರಿಯಿಡೀ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ ಸಾರ್, ಕಾಫಿಗೆ ಏನಾಗಿದೆ?" ಎಂದು ಯಜಮಾನರು ಕೇಳಿದರು. ಆದರೆ ರೋಬಸ್ಟಾ ಕಾಫಿಗೆ ಹೂ ಬಿಡಿಸಲು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಒಮ್ಮೆ ನೀರು ಕೊಟ್ಟು, ಕೆಲವು ವಾರಗಳ ಬಳಿಕ ಇನ್ನೊಮ್ಮೆ ಕೊಡುತ್ತೇವೆ. ರಾತ್ರಿ ಹಾಕುವುದಕ್ಕೆ ತ್ರೀಫೇಸ್ ಕರೆಂಟು ಬರುವ ಹೊತ್ತೂ ಒಂದು ಕಾರಣ. ದಿನವೂ ನೆನೆಯುವ ಅಂಗಳದ ಗುಲಾಬಿಗೂ ಅದಕ್ಕೂ ಹೋಲಿಕೆಯಿಲ್ಲ.

ಹಾಗೆಂದು ಎಲ್ಲ ದೋಷವನ್ನೂ ಸಂಜೆಯ ನೀರಿನ ಮೇಲೆ ಹೊರಿಸಲಾಗದು. ಎಲೆಯ ಮೇಲೆ ಬಿಳಿ ಪುಡಿ ಬಳಿದಂತೆ ಕಾಣುವ ಬೂದಿರೋಗಕ್ಕೆ ಎಲೆಯ ಮೇಲೆ ನೀರು ನಿಲ್ಲಬೇಕಾಗಿಯೇ ಇಲ್ಲ. ಕಚೇರಿಯಿಂದ ಮನೆಗೆ ಬರುವುದೇ ಸಂಜೆಯಾದರೆ ಸಂಜೆಯೇ ಹಾಕಿ; ಎಲೆಗೆ ತಾಗದಂತೆ, ಬುಡಕ್ಕೆ ನಿಧಾನವಾಗಿ ಇಳಿಯುವಂತೆ ಹಾಕಿದರೆ ಸಾಕು. ಮಳೆಗಾಲದ ಹೊತ್ತಿಗೆ ಬಸವನಹುಳುವಿನ ಕಾಟವಿರುವ ಕಡೆ ಮಾತ್ರ ಇದನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ರಾತ್ರಿ ಒದ್ದೆಯಾಗಿರುವ ನೆಲದ ಮೇಲೆ ಅವುಗಳ ಓಡಾಟ ಸಲೀಸು.

ಮಧ್ಯಾಹ್ನದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹನಿಗಳು ಮಸೂರದಂತೆ ಎಲೆಯನ್ನು ಸುಡುತ್ತವೆ ಎಂಬ ಭಯ ನಯವಾದ ಎಲೆಗಳ ಮಟ್ಟಿಗೆ ಅನಗತ್ಯ. ಬಿಸಿಲಲ್ಲಿ ಬಿದ್ದಿದ್ದ ಪೈಪಿನೊಳಗಿನ ಕಾದ ನೀರಿಗೆ ಹೆದರಬೇಕು. ಹೈಡ್ರಾಂಜಿಯಾದ ಎಲೆಗಳು ಎರಡು ಗಂಟೆಯ ಹೊತ್ತಿಗೆ ಜೋಲು ಬಿದ್ದರೆ, ಎಲೆಯಿಂದ ಆವಿಯಾಗಿ ಹೋಗುವಷ್ಟು ನೀರನ್ನು ಬೇರು ಅಷ್ಟು ಬೇಗ ಒದಗಿಸಲಾಗುತ್ತಿಲ್ಲ ಎಂದರ್ಥ. ಮಣ್ಣು ಹಸಿಯಾಗಿದ್ದಾಗಲೂ ಹೀಗಾಗುತ್ತದೆ. ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ ನೋಡಿ, ತೇವವಿದ್ದರೆ ಸಂಜೆಯವರೆಗೆ ಕಾಯಿರಿ. ಮರುದಿನ ಬೆಳಿಗ್ಗೆಯೂ ಎಲೆ ಎದ್ದಿಲ್ಲ, ಮಣ್ಣೂ ಒಣಗಿದೆ ಎಂದಾದರೆ ನೀರು ಬೇಕು. ಮಣ್ಣು ಹಸಿಯಾಗಿದ್ದೂ ಎದ್ದಿಲ್ಲವೆಂದರೆ ಬೇರು ಕೊಳೆತಿರುವ ಸಂದೇಹ ಬಲವಾಗುತ್ತದೆ, ಆಗ ಪೈಪನ್ನು ಮುಟ್ಟದೆ ಕುಂಡದ ತಳದ ತೂತು ಕಟ್ಟಿದೆಯೇ ಎಂದು ಮೊದಲು ನೋಡಿರಿ.