ತಕ್ಕಡಿಯಲ್ಲಿ ಜೀವ, ಕವಡೆಯಲ್ಲಿ ಪ್ರೇತ

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಬೇಕಲದ ಹತ್ತಿರದ ತೃಕ್ಕನ್ನಾಡು ಕಡಲ ತೀರದಲ್ಲಿ ಸಾವಿರಾರು ಜನ ಸೇರುತ್ತಾರೆ. ಎಳ್ಳು, ದರ್ಭೆ, ಅನ್ನದ ಪಿಂಡ ಹಿಡಿದು ತೀರಿಹೋದ ಅಪ್ಪ ಅಮ್ಮಂದಿರಿಗೆ ಬಲಿತರ್ಪಣ ಬಿಡುತ್ತಾರೆ. ತುಳು ಮನೆಗಳಲ್ಲಿ ಹಿರಿಯರಿಗೆ ಅಗೆಲು ಬಡಿಸುವ ಕಾಲವೂ ಅದೇ. ಬಾಳೆ ಎಲೆಯ ಮೇಲೆ ಅವರು ಬದುಕಿದ್ದಾಗ ಇಷ್ಟಪಟ್ಟದ್ದೇ ಇರಬೇಕು. ಕೋಳಿ ಸಾರು, ರೊಟ್ಟಿ, ಮೀನು, ಕೆಲವರಿಗೆ ಶೇಂದಿ ಕೂಡ. ಚಿಕ್ಕಂದಿನಲ್ಲೇ ತೀರಿಹೋದ ಮಗಳಿಗೆ ಮದುವೆಯ ವಯಸ್ಸಾಯಿತು ಎಂದು ಲೆಕ್ಕ ಹಾಕಿ, ಇನ್ನೊಂದು ಮನೆಯ ತೀರಿಹೋದ ಹುಡುಗನನ್ನು ಹುಡುಕಿ ಪ್ರೇತ ಮದುವೆ ಮಾಡಿಸುವವರೂ ಕಾಸರಗೋಡಿನಲ್ಲಿದ್ದಾರೆ.

ಇಂಥ ಊರಿನಲ್ಲಿ ವಿಜ್ಞಾನ ಪಾಠ ಮಾಡಿದವನನ್ನು ಮಕ್ಕಳು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ. "ಮಾಷ್ಟ್ರೇ, ಸತ್ತ ಮೇಲೆ ಆತ್ಮ ಅಂತ ಉಂಟಾ?"

ಅದೆಲ್ಲ ಮೂಢನಂಬಿಕೆ ಎಂದು ಗದರಿ ಬಾಯಿ ಮುಚ್ಚಿಸಬಹುದು. ವಿಜ್ಞಾನಕ್ಕೆ ಎಟುಕದ ವಿಷಯ ಎಂದು ಜಾರಿಕೊಳ್ಳಲೂಬಹುದು. ಎರಡೂ ಮಕ್ಕಳಿಗೆ ಮಾಡುವ ಅನ್ಯಾಯ. ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ವಿಜ್ಞಾನ ಈ ಪ್ರಶ್ನೆಯ ಬೆನ್ನು ಹತ್ತಿದೆ. ತೂಗಿ ನೋಡಿದೆ, ಅಳೆದು ನೋಡಿದೆ, ಸಾವಿನ ಬಾಗಿಲಿಗೆ ಹೋಗಿ ಬಂದವರನ್ನು ಕೂರಿಸಿ ಕೇಳಿದೆ. ಏನು ಸಿಕ್ಕಿತು ಎಂದು ಹೇಳದೆ ಸುಮ್ನೆ ಇರುವುದು ಸರಿಯಲ್ಲ.

ಮೊದಲು ತೂಗಿದ ಕಥೆ. ಡಂಕನ್ ಮ್ಯಾಕ್‌ಡೂಗಲ್ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯ. ಆತ್ಮ ಎಂಬ ವಸ್ತು ಇದ್ದರೆ ಅದಕ್ಕೆ ತೂಕ ಇರಲೇಬೇಕು ಎಂದು ಅವರು ಯೋಚಿಸಿದರು. 1901ರಲ್ಲಿ ದೊಡ್ಡ ತಕ್ಕಡಿಯ ಮೇಲೆ ಮಂಚ ಇಟ್ಟು, ಸಾಯುತ್ತಿದ್ದ ರೋಗಿಯನ್ನು ಮಲಗಿಸಿದರು. ಅವರು ಆರಿಸಿಕೊಂಡದ್ದು ಹೆಚ್ಚಾಗಿ ಕ್ಷಯ ರೋಗಿಗಳನ್ನು. ಬಳಲಿ ಬೆಂಡಾದವರು ಅಲುಗಾಡುವುದಿಲ್ಲ, ಮುಳ್ಳು ಅದುರುವುದಿಲ್ಲ. ಮೊದಲ ರೋಗಿ ಉಸಿರು ಬಿಟ್ಟಾಗ ಸುಮಾರು 21 ಗ್ರಾಂ ಕಡಿಮೆಯಾಯಿತು. ಒಟ್ಟು 6 ಜನರನ್ನು ತೂಗಿ 1907ರಲ್ಲಿ ಫಲಿತಾಂಶ ಪ್ರಕಟಿಸಿದರು. ಆತ್ಮದ ತೂಕ 21 ಗ್ರಾಂ ಎಂಬ ಮಾತು ಇವತ್ತಿಗೂ ವಾಟ್ಸಾಪ್‌ನಲ್ಲಿ ಓಡಾಡುತ್ತದೆ.

ಆದರೆ ಆ 21 ಗ್ರಾಂ ಒಬ್ಬರದು ಮಾತ್ರ. ಇಬ್ಬರ ತೂಕ ಸರಿಯಾಗಿ ಸಿಗಲಿಲ್ಲ ಎಂದು ಅವರೇ ಕೈಬಿಟ್ಟರು. ಉಳಿದವರಲ್ಲಿ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದಲಿಲ್ಲ. ಸತ್ತದ್ದು ಯಾವ ಕ್ಷಣದಲ್ಲಿ ಎಂದು ನಿಖರವಾಗಿ ಹೇಳುವ ಉಪಾಯವೂ ಆಗ ಇರಲಿಲ್ಲ. ಆಮೇಲೆ ಅವರು 15 ನಾಯಿಗಳನ್ನೂ ತೂಗಿದರು. ತೂಕ ಇಳಿಯಲಿಲ್ಲ. ನಾಯಿಗೆ ಆತ್ಮ ಇಲ್ಲ ಎಂದು ಅವರ ತೀರ್ಮಾನ. ಅದೇ ಕಾಲದ ಇನ್ನೊಬ್ಬ ವೈದ್ಯ ಆಗಸ್ಟಸ್ ಕ್ಲಾರ್ಕ್ ಬೇರೆ ಕಾರಣ ತೋರಿಸಿದರು. ಉಸಿರು ನಿಂತಾಗ ಶ್ವಾಸಕೋಶ ರಕ್ತವನ್ನು ತಂಪು ಮಾಡುವುದು ನಿಲ್ಲುತ್ತದೆ, ಮೈ ಸ್ವಲ್ಪ ಬಿಸಿಯಾಗಿ ಬೆವರುತ್ತದೆ, ಆ ಬೆವರು ಆರಿದಷ್ಟು ತೂಕ ಇಳಿಯುತ್ತದೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಹಾಗಾಗಿ ಅದರ ತೂಕ ಇಳಿಯಲಿಲ್ಲ. ಒಂದೇ ವಿವರಣೆಯಲ್ಲಿ ಮನುಷ್ಯನೂ ನಾಯಿಯೂ ಸೇರಿಬಿಟ್ಟವು, ಅಲ್ವಾ? ಮಕ್ಕಳಿಗೆ ಈ ಭಾಗ ಹೇಳುವುದೆಂದರೆ ನನಗೆ ಬಹಳ ಇಷ್ಟ. ಫಲಿತಾಂಶ ನಮ್ಮ ಆಸೆಯ ಕಡೆಗೆ ವಾಲಿದಾಗಲೇ ಜಾಸ್ತಿ ಅನುಮಾನಪಡಬೇಕು ಎಂಬುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಶಕ್ತಿಗೆ ನಾಶವಿಲ್ಲ, ಆದ್ದರಿಂದ ಆತ್ಮಕ್ಕೂ ನಾಶವಿಲ್ಲ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಶಕ್ತಿಗೆ ನಾಶವಿಲ್ಲ ಎಂಬುದೇನೋ ನಿಜ. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಕ್ತಿ ಬಳಸುತ್ತದೆ. ಅದು ಊಟದಿಂದ ಬರುತ್ತದೆ, ಶಾಖವಾಗಿ ಹೊರಗೆ ಹೋಗುತ್ತದೆ. ಸತ್ತ ಮೇಲೆ ಮೈ ತಣ್ಣಗಾಗುವಾಗ ಉಳಿದ ಶಾಖ ಕೋಣೆಯ ಗಾಳಿಗೆ ಸೇರುತ್ತದೆ. ಆದರೆ ಆ ಶಾಖಕ್ಕೆ ಅಜ್ಜಿಯ ನೆನಪಿಲ್ಲ, ಅಜ್ಜಿಯ ಸ್ವಭಾವವಿಲ್ಲ. ನಮಗೆ ಬೇಕಾದದ್ದು ಅಜ್ಜಿ.

ಹಾಗಾದರೆ ಆ ನೆನಪು, ಆ ಸ್ವಭಾವ ಇರುವುದೆಲ್ಲಿ? ಇದುವರೆಗೆ ಸಿಕ್ಕ ಪುರಾವೆ ಎಲ್ಲ ಮೆದುಳಿನ ಕಡೆಗೇ ಬೆರಳು ತೋರಿಸುತ್ತದೆ. ದೇಹದ ತೂಕದಲ್ಲಿ ಮೆದುಳಿನದು ಬರೀ 2 ಶೇಕಡಾ. ಆದರೆ ದೇಹ ಬಳಸುವ ಶಕ್ತಿಯಲ್ಲಿ ಸುಮಾರು 20 ಶೇಕಡಾ ಅದಕ್ಕೇ ಬೇಕು. ರಕ್ತ ಹರಿಯುವುದು ನಿಂತರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. 1846ರಲ್ಲಿ ಬೋಸ್ಟನ್ನಿನ ವೈದ್ಯರ ಮುಂದೆ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ರೋಗಿಯೊಬ್ಬರನ್ನು ನೋವಿಲ್ಲದೆ ಶಸ್ತ್ರಚಿಕಿತ್ಸೆಗೆ ಮಲಗಿಸಿ ತೋರಿಸಿದರು. ಅರಿವು ದೇಹದಿಂದ ಬೇರೆಯಾದದ್ದಾಗಿದ್ದರೆ, ಮೂಗಿನಿಂದ ಹೋದ ಆವಿ ಅದನ್ನು ಹೇಗೆ ಆರಿಸುತ್ತದೆ? ಬಂಡೆ ಒಡೆಯುವ ಕೆಲಸದ ಮುಖ್ಯಸ್ಥನಾಗಿದ್ದ ಫಿನಿಯಸ್ ಗೇಜ್‌ನ ತಲೆಯನ್ನು 1848ರಲ್ಲಿ ಕಬ್ಬಿಣದ ಸರಳು ತೂರಿ ಹೋಯಿತು. ಅವನು ಬದುಕಿದ, ಮಾತಾಡಿದ. ಆದರೆ ಅವನು ಮೊದಲಿನ ಗೇಜ್ ಅಲ್ಲ ಎಂದು ಗೆಳೆಯರೇ ಹೇಳಿದರು.

ರೋಜರ್ ಸ್ಪೆರಿ ಮಾಡಿದ ಕೆಲಸ ನನಗೆ ಇನ್ನೂ ಆಳವಾದದ್ದು ಅನಿಸುತ್ತದೆ. ಅದಕ್ಕೆ ಅವರಿಗೆ 1981ರಲ್ಲಿ ನೊಬೆಲ್ ಬಂತು. ತೀವ್ರ ಅಪಸ್ಮಾರಕ್ಕೆಂದು ಕೆಲವು ರೋಗಿಗಳ ಮೆದುಳಿನ ಎರಡು ಅರ್ಧಗಳ ನಡುವಿನ ನರಗಳ ಸೇತುವೆಯನ್ನು ವೈದ್ಯರು ಕತ್ತರಿಸಿದ್ದರು. ಬಲ ಅರ್ಧಕ್ಕೆ ಮಾತ್ರ ಕಾಣುವ ಹಾಗೆ ಒಂದು ಚಿತ್ರ ತೋರಿಸಿದರೆ, ಏನೂ ಕಾಣಲಿಲ್ಲ ಎಂದು ಬಾಯಿ ಹೇಳುತ್ತಿತ್ತು. ಅದೇ ಹೊತ್ತಿಗೆ ಎಡಗೈ ಆ ವಸ್ತುವನ್ನು ಸರಿಯಾಗಿ ಹುಡುಕಿ ಎತ್ತಿಕೊಳ್ಳುತ್ತಿತ್ತು. ಮಾತು ಹೆಚ್ಚಾಗಿ ಎಡ ಅರ್ಧದ ಕೆಲಸ, ಎಡಗೈ ಬಲ ಅರ್ಧದ ಹಿಡಿತದಲ್ಲಿರುತ್ತದೆ. ಒಳಗೆ ಒಡೆಯದ, ತುಂಡಾಗದ ಆತ್ಮ ಒಂದಿದೆ ಎನ್ನುವವರು ಆ ಬಾಯಿ ಯಾರದು, ಆ ಕೈ ಯಾರದು ಎಂದು ಹೇಳಬೇಕಾಗುತ್ತದೆ.

ಇದಕ್ಕೂ ಬಹಳ ಹಿಂದೆ, 1643ರಲ್ಲಿ, ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ತತ್ವಜ್ಞಾನಿ ಡೆಕಾರ್ಟ್‌ಗೆ ಪತ್ರ ಬರೆದು ಕೇಳಿದ್ದಳು. ಆತ್ಮಕ್ಕೆ ಗಾತ್ರ ಇಲ್ಲ, ಅದು ಯಾವುದನ್ನೂ ಮುಟ್ಟಲಾರದು ಎನ್ನುತ್ತೀರಿ. ಹಾಗಿದ್ದರೆ ಅದು ದೇಹವನ್ನು ಹೇಗೆ ಅಲುಗಾಡಿಸುತ್ತದೆ? ಡೆಕಾರ್ಟ್ ಕೊಟ್ಟ ಉತ್ತರಗಳು ಅವಳಿಗೆ ಸಮಾಧಾನ ಕೊಡಲಿಲ್ಲ. ಇವತ್ತಿಗೂ ಆ ಪ್ರಶ್ನೆ ಅಲ್ಲೇ ನಿಂತಿದೆ.

ನನ್ನ ಮಟ್ಟಿಗೆ ಉತ್ತರ ಇಷ್ಟು. ನಮ್ಮ ಕುಂಬಳೆ ಸೀಮೆ ಯಕ್ಷಗಾನದ ನೆಲ. ಬೆಳಗಾಗಿ ಆಟ ಮುಗಿದು ಚೆಂಡೆ ಕೆಳಗಿಟ್ಟಾಗ, ಪೆಟ್ಟು ಎಲ್ಲಿಗೆ ಹೋಯಿತು ಎಂದು ಯಾರೂ ಹುಡುಕುವುದಿಲ್ಲ. ಬಾರಿಸುವುದು ನಿಂತಿತು, ಅಷ್ಟೆ. ಮನಸ್ಸು ಎನ್ನುವುದು ಮೆದುಳು ಮಾಡುವ ಕೆಲಸ ಎಂದಾದರೆ, ಸಾಯುವಾಗ ಹೊರಗೆ ಹಾರಿಹೋಗುವ ವಸ್ತುವೇ ಬೇಕಾಗುವುದಿಲ್ಲ.

ಇಲ್ಲಿ ಕೆಲವರು ತಡೆಯುತ್ತಾರೆ. ಸತ್ತು ಬದುಕಿ ಬಂದವರು ಹೇಳುತ್ತಾರಲ್ಲ, ಅದೇನು? ಕೇಳಬೇಕಾದ ಮಾತು. ನೆದರ್‌ಲ್ಯಾಂಡಿನ ಹೃದ್ರೋಗ ತಜ್ಞ ಪಿಮ್ ವಾನ್ ಲೊಮೆಲ್, ಹೃದಯ ನಿಂತು ಮತ್ತೆ ಬದುಕಿದ 344 ಜನರನ್ನು ವಿಚಾರಿಸಿ 2001ರಲ್ಲಿ ವರದಿ ಬರೆದರು. ಅವರಲ್ಲಿ 62 ಜನ ಬೆಳಕು, ನೆಮ್ಮದಿ, ತೀರಿಹೋದ ನೆಂಟರು, ದೇಹದಿಂದ ಹೊರಗೆ ಬಂದ ಅನುಭವ, ಹೀಗೆ ಏನಾದರೊಂದು ಹೇಳಿದರು. ಇವರೆಲ್ಲ ಸುಳ್ಳು ಹೇಳಿದರು ಎಂದು ನಾನು ಒಂದು ಕ್ಷಣವೂ ನಂಬುವುದಿಲ್ಲ.

ದೇಹದಿಂದ ಹೊರಗೆ ಬಂದು ಮಾಡಿನ ಹತ್ತಿರದಿಂದ ಕೆಳಗೆ ನೋಡಿದೆವು ಎಂದರೆ ಅದನ್ನು ಪರೀಕ್ಷೆ ಮಾಡಬಹುದು. ವೈದ್ಯ ಸ್ಯಾಮ್ ಪಾರ್ನಿಯಾ ಅದನ್ನೇ ಮಾಡಿದರು. ಆಸ್ಪತ್ರೆ ಕೋಣೆಗಳಲ್ಲಿ ಎತ್ತರಕ್ಕೆ ಹಲಗೆ ಹೊಡೆಸಿ, ಮೇಲಿನಿಂದ ನೋಡಿದವರಿಗೆ ಮಾತ್ರ ಕಾಣುವ ಹಾಗೆ ಚಿತ್ರಗಳನ್ನು ಇಟ್ಟರು. 2014ರಲ್ಲಿ ಬಂದ ವರದಿಯಲ್ಲಿ 2060 ಹೃದಯ ಸ್ತಂಭನಗಳ ಲೆಕ್ಕವಿದೆ. ಸುತ್ತ ನಡೆದದ್ದನ್ನು ಕಂಡೆ, ಕೇಳಿದೆ ಎಂದು ಸ್ಪಷ್ಟವಾಗಿ ಹೇಳಿದವರು ಇಬ್ಬರೇ. ಅವರಿಬ್ಬರ ಹೃದಯ ನಿಂತದ್ದು ಹಲಗೆ ಇಲ್ಲದ ಜಾಗದಲ್ಲಿ. 2023ರ ಎರಡನೇ ಅಧ್ಯಯನದಲ್ಲಿ ಚಿತ್ರದ ಜೊತೆಗೆ ಕಿವಿಗೆ ಹಣ್ಣುಗಳ ಹೆಸರನ್ನೂ ಕೇಳಿಸಿದರು. 567 ಜನರಲ್ಲಿ ಬದುಕಿದವರು 53. ಮಾತಾಡಲು ಸಿಕ್ಕ 28 ಜನರಲ್ಲಿ 11 ಜನರಿಗೆ ಏನಾದರೊಂದು ನೆನಪಿತ್ತು. ಚಿತ್ರವನ್ನು ಗುರುತಿಸಿದವರು ಒಬ್ಬರೂ ಇಲ್ಲ. ಹಣ್ಣುಗಳ ಹೆಸರನ್ನು ಒಬ್ಬರು ಹೇಳಿದರು. ಕಿವಿ ಮತ್ತು ಮೆದುಳು ಆ ಹೊತ್ತಿನಲ್ಲೂ ಸ್ವಲ್ಪ ಕೆಲಸ ಮಾಡುತ್ತಿದ್ದರೆ ಅದು ಸಾಧ್ಯ. ಬದುಕಿಸಲೆಂದು ಎದೆ ಒತ್ತುತ್ತಿದ್ದಾಗ ಒಂದು ಗಂಟೆಯ ತನಕವೂ ಕೆಲವರ ಮೆದುಳಿನಲ್ಲಿ ಎಚ್ಚರದ ಸ್ಥಿತಿಯನ್ನು ಹೋಲುವ ಅಲೆಗಳು ಕಂಡಿವೆ ಎಂದು ಅದೇ ಅಧ್ಯಯನ ಹೇಳುತ್ತದೆ.

ಮಿಷಿಗನ್‌ನ ವಿಜ್ಞಾನಿ ಜಿಮೋ ಬೋರ್ಜಿಗಿನ್ 2013ರಲ್ಲಿ ಇಲಿಗಳಲ್ಲಿ ಇನ್ನೊಂದು ವಿಚಿತ್ರ ಕಂಡರು. ಹೃದಯ ನಿಂತ ಮೊದಲ ಅರ್ಧ ನಿಮಿಷದಲ್ಲಿ ಮೆದುಳಿನ ಚಟುವಟಿಕೆ ಒಮ್ಮೆ ಏರಿತ್ತು. 2023ರಲ್ಲಿ ಸಾಯುತ್ತಿದ್ದ ನಾಲ್ವರು ರೋಗಿಗಳನ್ನು ಗಮನಿಸಿದಾಗ ಇಬ್ಬರಲ್ಲಿ ಅಂಥದೇ ಏರಿಕೆ ಕಾಣಿಸಿತು. ಮೈಯಿಂದ ಹೊರಗೆ ಬಂದ ಅನುಭವಕ್ಕೆ ಸಾಯಬೇಕೆಂದೇ ಇಲ್ಲ. ಜಿನೀವಾದಲ್ಲಿ ಓಲಾಫ್ ಬ್ಲಾಂಕೆ ಅಪಸ್ಮಾರದ ರೋಗಿಯೊಬ್ಬಳ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ, ತಾನು ಮೇಲಿನಿಂದ ತನ್ನನ್ನೇ ನೋಡುತ್ತಿದ್ದೇನೆ ಎಂದು ಅವಳು ಹೇಳಿದಳು. 2002ರ ಮಾತು ಅದು.

ನಮ್ಮ ದೇಶದ ಸಾಕ್ಷ್ಯವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರೀಚಾ, ಅಮೆರಿಕದ ಇಯಾನ್ ಸ್ಟೀವನ್ಸನ್ ಜೊತೆ ಸೇರಿ ಸತ್ತು ಬದುಕಿದೆವು ಎನ್ನುವ ಭಾರತೀಯರ ಅನುಭವಗಳನ್ನು 1986ರಲ್ಲಿ ಪ್ರಕಟಿಸಿದರು. ಇಬ್ಬರೂ ಪುನರ್ಜನ್ಮದ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರೇ. ಅಮೆರಿಕದವರಿಗೆ ತೀರಿಹೋದ ನೆಂಟರು ಕಾಣಿಸಿಕೊಂಡು, ನಿನ್ನ ಸಮಯ ಬಂದಿಲ್ಲ ಎಂದು ವಾಪಸ್ ಕಳಿಸುತ್ತಾರೆ. ನಮ್ಮವರನ್ನು ಯಮದೂತರು ಎಳೆದುಕೊಂಡು ಹೋಗುತ್ತಾರೆ, ಪುಸ್ತಕ ತೆರೆದು ನೋಡುತ್ತಾರೆ, ತಪ್ಪು ಮನುಷ್ಯನನ್ನು ತಂದಿದ್ದೀರಿ ಎಂದು ಬೈದು ಬಿಡುತ್ತಾರೆ. ಎಲ್ಲರೂ ಹೋದದ್ದು ಒಂದೇ ಪರಲೋಕಕ್ಕಾದರೆ ಅಲ್ಲಿನ ನೋಟ ದೇಶಕ್ಕೊಂದು ಥರ ಯಾಕಿರಬೇಕು? ಮೆದುಳು ಚಿಕ್ಕಂದಿನಿಂದ ಕೇಳಿದ ಕಥೆಯನ್ನೇ ಕಷ್ಟದ ಹೊತ್ತಿನಲ್ಲಿ ಕಟ್ಟಿಕೊಡುತ್ತದೆ ಎಂದರೆ ಈ ವ್ಯತ್ಯಾಸ ಸಹಜ.

ಇನ್ನು ನಮ್ಮ ಮನೆಗಳ ಒಳಗಿನ ಮಾತು. ಗಂಡ ತೀರಿಹೋದ ಮೇಲೆ ಜಗಲಿಯಲ್ಲಿ ಅವರ ಕೆಮ್ಮು ಕೇಳಿಸಿತು, ಮೆಟ್ಟಿನ ಸದ್ದು ಕೇಳಿಸಿತು ಎನ್ನುವ ಹೆಂಗಸರು ಎಷ್ಟೋ ಜನ. ಡೀವಿ ರೀಸ್ ಎಂಬ ವೈದ್ಯರು ಬ್ರಿಟನ್ನಿನ ವೇಲ್ಸ್‌ನಲ್ಲಿ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಬರೆದರು. ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಇಂಥ ಅನುಭವ ಆಗಿತ್ತು. ಪಕ್ಕದಲ್ಲೇ ಇದ್ದಾರೆ ಅನಿಸುವುದೇ ಜಾಸ್ತಿ. ಕೆಲವರು ಕಣ್ಣಾರೆ ಕಂಡಿದ್ದರು, ದನಿ ಕೇಳಿದ್ದರು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. ಬಹಳ ಜನರಿಗೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಅದು ಹುಚ್ಚೂ ಅಲ್ಲ, ಬಾಧೆಯೂ ಅಲ್ಲ. ನಲವತ್ತು ವರ್ಷ ಒಂದು ಹೆಜ್ಜೆ ಸದ್ದಿಗೆ ಕಿವಿ ಕೊಟ್ಟ ಮೆದುಳು ಒಂದೇ ದಿನದಲ್ಲಿ ಅದನ್ನು ಬಿಡುವುದಿಲ್ಲ.

ಅದನ್ನೇ ಬಾಧೆ ಎಂದು ಮಾಡುವವರ ಮೇಲೆ ನನಗೆ ಸಿಟ್ಟಿದೆ. ಮನೆಯಲ್ಲಿ ಒಂದರ ಮೇಲೊಂದು ಕಷ್ಟ ಬಂದರೆ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಕವಡೆಯಲ್ಲಿ ಪ್ರೇತ ಕಾಣುತ್ತದೆ. ತಿಲಹೋಮ, ಉಚ್ಚಾಟನೆ, ಸಾಯುಜ್ಯ ಎಂದು ಪಟ್ಟಿ ಕೈಗೆ ಬರುತ್ತದೆ. ಅಡಿಕೆಗೆ ಕೊಳೆರೋಗ ಬಂದ ವರ್ಷವೇ ಅದಕ್ಕೂ ಸಾಲ. ಸಾಲ ತೀರಿಸಬಹುದು. ಆದರೆ ಖಿನ್ನತೆಯಿಂದ ಊಟ ಬಿಟ್ಟ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗದೆ, ಮೈಮೇಲೆ ಸತ್ತ ಅತ್ತೆ ಬಂದಿದ್ದಾಳೆ ಎಂದು ತಿಂಗಳುಗಟ್ಟಲೆ ಕೂರಿಸಿದರೆ ಆ ತಿಂಗಳುಗಳನ್ನು ಯಾರು ವಾಪಸ್ ಕೊಡುತ್ತಾರೆ? ಅಗೆಲು ಬಡಿಸುವುದರ ಬಗ್ಗೆ ನನ್ನ ತಕರಾರಿಲ್ಲ. ಹಿರಿಯರನ್ನು ನೆನೆದು ಒಂದು ಎಲೆ ಹಾಕುವುದು ಪ್ರೀತಿ. ಹೆದರಿಸಿ ದುಡ್ಡು ಕೀಳುವುದು ಬೇರೆ.

ಈ ಪ್ರಶ್ನೆಗೆ ಉತ್ತರ ತುರ್ತಾಗಿ ಬೇಕಾಗುವುದು ತೀವ್ರ ನಿಗಾ ಘಟಕದ ಬಾಗಿಲಲ್ಲಿ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದ ಹುಡುಗನನ್ನು ಗಡಿಯ ತಲಪಾಡಿ ದಾಟಿಸಿ ಮಂಗಳೂರಿಗೆ ಒಯ್ಯುತ್ತಾರೆ. ಮೆದುಳು ಸತ್ತಿದೆ ಎಂದು ಡಾಕ್ಟರು ಹೇಳುತ್ತಾರೆ. ಆದರೆ ವೆಂಟಿಲೇಟರ್‌ನಿಂದ ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ. "ಜೀವ ಇನ್ನೂ ಉಂಟಲ್ಲ" ಎಂದು ತಾಯಿ ಕೇಳುತ್ತಾಳೆ. ಆ ತಾಯಿಗೆ ಗೊತ್ತಿರಬೇಕು. ನಮ್ಮ ದೇಶದ 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ, ಕನಿಷ್ಠ 6 ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು. ವೆಂಟಿಲೇಟರ್ ತಪ್ಪಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗಲೂ ದೇಹ ತಾನಾಗಿ ಉಸಿರೆಳೆಯುತ್ತದಾ ಎಂದು ನೋಡುತ್ತಾರೆ. ಉಸಿರಾಟವನ್ನು ನಡೆಸುವ ಮೆದುಳಿನ ಕಾಂಡ ಸತ್ತಿದ್ದರೆ ಉಸಿರು ಬರುವುದಿಲ್ಲ. ಹೃದಯಕ್ಕೆ ತನ್ನದೇ ಬಡಿತ ಹುಟ್ಟಿಸುವ ಜಾಗವಿದೆ, ಆಮ್ಲಜನಕ ಸಿಕ್ಕಿದಷ್ಟು ಹೊತ್ತು ಬಡಿಯುತ್ತದೆ. ಆದರೆ ಆ ಹುಡುಗ ವಾಪಸ್ ಬರುವುದಿಲ್ಲ.

"ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುವುದಿಲ್ವಾ?" ಎಂದು ಕೇಳುವವರೂ ಇದ್ದಾರೆ. ಆತ್ಮವನ್ನು ನಂಬುವವರಿಗೆ ನಾನು ಗೀತೆಯನ್ನೇ ನೆನಪಿಸುತ್ತೇನೆ. ಹಳೆ ಬಟ್ಟೆ ಬಿಟ್ಟು ಹೊಸದು ಉಡುವ ಹಾಗೆ ಆತ್ಮ ದೇಹ ಬದಲಿಸುತ್ತದೆ ಎಂದು ಅದರಲ್ಲೇ ಇದೆ. ಪೂರ್ತಿ ದೇಹವನ್ನು ಸುಟ್ಟರೆ ಬಾರದ ದೋಷ ಕಣ್ಣು ಕೊಟ್ಟರೆ ಬರುತ್ತದಾ? ನಮ್ಮ ಕಡೆ ಕೋಲ ಕಟ್ಟುವ ಪೊಟ್ಟನ್ ತೆಯ್ಯಂ ಎಂಬ ದೈವ ಶಂಕರಾಚಾರ್ಯರನ್ನು ಕೇಳುವುದೂ ನಿಮ್ಮ ನೆತ್ತರೂ ನಮ್ಮ ನೆತ್ತರೂ ಒಂದೇ ಅಲ್ಲವಾ ಎಂದೇ. ನಂಬದವರಿಗೆ ಅಡ್ಡಿಯೇ ಇಲ್ಲ.

ಕಣ್ಣು ಕೊಡಲು ಮೆದುಳು ಸಾವಿನ ಪರೀಕ್ಷೆಯೂ ಬೇಕಿಲ್ಲ, ಮನೆಯಲ್ಲಿ ತೀರಿಹೋದವರದ್ದೂ ಆಗುತ್ತದೆ. ಕನ್ನಡಕ ಹಾಕಿದವರು, ಪೊರೆ ಆಪರೇಷನ್ ಆದವರು, ತೊಂಬತ್ತು ದಾಟಿದವರು ಎಲ್ಲರೂ ಕೊಡಬಹುದು. ಸತ್ತು 6 ಗಂಟೆಯೊಳಗೆ ತೆಗೆಯಬೇಕು, ಹಾಗಾಗಿ ನೆಂಟರು ಸೇರುವ ತನಕ ಕಾಯದೆ ಮೊದಲು ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಅವರು ಬರುವ ತನಕ ಫ್ಯಾನ್ ಆಫ್ ಇರಲಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರಿಸಿ. ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮುಖ ಕೆಡುವುದಿಲ್ಲ. ಆಮೇಲೆ ನಿಮ್ಮ ಮನೆಯ ಕ್ರಮದಂತೆ ಏನೇನು ಮಾಡಬೇಕೋ ಅದೆಲ್ಲ ಮಾಡಬಹುದು.