ಹೆಡ್‌ಲೈಟ್ ಮಾರಿ ವಿಮಾನ ಕಟ್ಟಿದವನು

1909ರ ಜುಲೈ 25ರ ನಸುಕು. ಫ್ರಾನ್ಸಿನ ಕ್ಯಾಲೆ ಊರಿನ ಪಕ್ಕದ ಬಯಲಿಗೆ ಒಬ್ಬ ಕುಂಟುತ್ತಾ ಬಂದ. ಕೆಲವು ದಿನಗಳ ಹಿಂದೆ ಹಾರುವಾಗ ಎಂಜಿನ್ನಿನ ಬಿಸಿಗೆ ಅವನ ಪಾದ ಸುಟ್ಟಿತ್ತು. ಊರುಗೋಲನ್ನೂ ವಿಮಾನಕ್ಕೇ ಕಟ್ಟಿಕೊಂಡ. ದಿಕ್ಸೂಚಿ ಇರಲಿಲ್ಲ. ಎದುರಿಗೆ ಸಮುದ್ರ, ಆಚೆ ಇಂಗ್ಲೆಂಡ್.

ಲೂಯಿ ಬ್ಲೆರಿಯೊ ಅಂದರೆ ಎಲ್ಲರಿಗೂ ಸಾಹಸಿ. ನನಗೆ ಅವನು ಮೊದಲು ವ್ಯಾಪಾರಿ, ಅದೂ ಕೈ ಬರಿದಾಗುತ್ತಿದ್ದ ವ್ಯಾಪಾರಿ.

1872ರಲ್ಲಿ ಕಾಂಬ್ರೆಯಲ್ಲಿ ಹುಟ್ಟಿದ ಈ ಎಂಜಿನಿಯರ್ ಕಾರುಗಳಿಗೆ ಅಸಿಟಿಲೀನ್ ಅನಿಲದಿಂದ ಉರಿಯುವ ಹೆಡ್‌ಲೈಟ್ ಮಾಡಿ ಮಾರುತ್ತಿದ್ದ. ಚೆನ್ನಾಗಿ ದುಡ್ಡು ಬಂತು. ಬಂದದ್ದೆಲ್ಲ ವಿಮಾನಕ್ಕೆ ಸುರಿದ. ಮೊದಲು ಹಕ್ಕಿಯಂತೆ ರೆಕ್ಕೆ ಬಡಿಯುವ ಯಂತ್ರ ಮಾಡಿದ, ಅದು ಹಾರಲಿಲ್ಲ. ಆಮೇಲೆ ಕಟ್ಟುವುದು, ಬೀಳುವುದು, ಮತ್ತೆ ಕಟ್ಟುವುದು. ಹನ್ನೊಂದನೆಯ ಮಾದರಿ ಕೈ ಹಿಡಿಯುವ ಹೊತ್ತಿಗೆ ಗಂಟು ಕರಗಿತ್ತು.

ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿದವರಿಗೆ ಡೇಲಿ ಮೇಲ್ ಪತ್ರಿಕೆ 1000 ಪೌಂಡ್ ಬಹುಮಾನ ಇಟ್ಟಿತ್ತು. ಎದುರಾಳಿ ಹ್ಯೂಬರ್ಟ್ ಲೇಥಮ್ ಆರು ದಿನ ಮೊದಲು ಹೊರಟು, ಎಂಜಿನ್ ನಿಂತು ನೀರಿಗಿಳಿದಿದ್ದ. ಬೇರೆ ವಿಮಾನ ತರಿಸಿಕೊಂಡು ಅವನೂ ಕಾಯುತ್ತಿದ್ದ. ಆದರೆ ಆ ನಸುಕಿನಲ್ಲಿ ಲೇಥಮ್ ಕಡೆಯವರಿಗೆ ಗಾಢ ನಿದ್ದೆ! ಬ್ಲೆರಿಯೊನ ಎಂಜಿನ್ ಬರೀ 25 ಅಶ್ವಶಕ್ತಿಯದು. ನಡುವೆ ಮಂಜು ಕವಿದು ಕೆಲವು ನಿಮಿಷ ದಡವೇ ಕಾಣಲಿಲ್ಲ. ಡೋವರ್ ಕೋಟೆಯ ಹತ್ತಿರ ಫ್ರೆಂಚ್ ಪತ್ರಕರ್ತನೊಬ್ಬ ಬಾವುಟ ಬೀಸುತ್ತಿದ್ದ, ಅದನ್ನು ನೋಡಿ ಇಳಿದ. ಚಕ್ರದ ಚೌಕಟ್ಟೂ ಪ್ರೊಪೆಲ್ಲರೂ ಮುರಿದವು. ಒಟ್ಟು ಸುಮಾರು 37 ನಿಮಿಷ.

ಅವನನ್ನು ಉಳಿಸಿದ್ದು ಬಹುಮಾನಕ್ಕಿಂತ ಜಾಸ್ತಿ ಆರ್ಡರುಗಳು. ವರ್ಷದ ಕೊನೆಗೆ ನೂರಕ್ಕೂ ಹೆಚ್ಚು ವಿಮಾನಗಳಿಗೆ ಬೇಡಿಕೆ ಬಂದಿತ್ತು.

1912ರ ಹೊತ್ತಿಗೆ ಅವನ ಹಲವು ವಿಮಾನಗಳ ರೆಕ್ಕೆ ಗಾಳಿಯಲ್ಲೇ ಕುಸಿದಿದ್ದವು. ಬೇರೆ ಯಾರಾದರೂ ಪೈಲಟ್‌ ಮೇಲೆ ತಪ್ಪು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು, ಅಲ್ವಾ? ಬ್ಲೆರಿಯೊ ತಾನೇ ಕಾರಣ ಹುಡುಕಿ ಸೇನೆಗೆ ವರದಿ ಕೊಟ್ಟ. ರೆಕ್ಕೆಯನ್ನು ಗಾಳಿ ಕೆಳಗಿನಿಂದ ಎತ್ತುತ್ತದೆ ಅಂತ ಎಲ್ಲರೂ ಅದನ್ನು ಬಿಗಿದು ಹಿಡಿಯುವ ಕೆಳಗಿನ ತಂತಿಗಳನ್ನೇ ಗಟ್ಟಿ ಮಾಡುತ್ತಿದ್ದರು. ಕೆಲವೊಮ್ಮೆ ಗಾಳಿ ಮೇಲಿನಿಂದಲೂ ಒತ್ತುತ್ತದೆ, ಮೇಲಿನ ತಂತಿಗಳು ಅದನ್ನು ತಡೆಯುವುದಿಲ್ಲ ಎಂದ. ಫ್ರೆಂಚ್ ಸೇನೆ ಇಂಥ ಒಂದೇ ಜೋಡಿ ರೆಕ್ಕೆಯ ವಿಮಾನಗಳನ್ನೇ ಕೆಲವು ಕಾಲ ನಿಲ್ಲಿಸಿತು. ನಷ್ಟ ಅವನಿಗೂ ಆಯಿತು.

1913ರಲ್ಲಿ ದಪರ್ಡ್ಯುಸಾಂ ಎಂಬ ವಿಮಾನ ಉದ್ಯಮಿ ವಂಚನೆಯ ಆರೋಪದಲ್ಲಿ ಸಿಕ್ಕಿಬಿದ್ದ. ಅವನ ಕಂಪನಿಯನ್ನು ಬ್ಲೆರಿಯೊ ವಹಿಸಿಕೊಂಡ. ಅದೇ ಸ್ಪಾಡ್. ಸ್ಪಾಡ್ 13 ಎಂಬ ಯುದ್ಧವಿಮಾನವೊಂದೇ 8000ಕ್ಕೂ ಹೆಚ್ಚು ತಯಾರಾಯಿತು. ಕಾಲುವೆ ದಾಟಿದ ವಿಮಾನ ಮಾತ್ರ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಪ್ಯಾರಿಸ್ಸಿನ ಮ್ಯೂಸಿಯಮ್ಮೊಂದರ ಛಾವಣಿಯಿಂದ ಇವತ್ತಿಗೂ ಅದು ತೂಗಾಡುತ್ತಿದೆ.