ಕದ್ದಾಲಿಕೆ ಆರೋಪ: ಮೊದಲು ಕೇಳಬೇಕಾದದ್ದು ಆದೇಶದ ಪ್ರತಿ

2019ರ ಫೆಬ್ರುವರಿಯಲ್ಲಿ ನಮ್ಮ ರಾಯಚೂರು ಜಿಲ್ಲೆಯ ದೇವದುರ್ಗ ಇಡೀ ರಾಜ್ಯದ ಬಾಯಲ್ಲಿತ್ತು. ಗುರುಮಠಕಲ್ ಶಾಸಕರ ಮಗ ಶರಣಗೌಡ ಕಂದಕೂರ ಅವರ ಜೊತೆ ಬಿ.ಎಸ್. ಯಡಿಯೂರಪ್ಪ ಅವರು ಶಾಸಕರನ್ನು ತಮ್ಮ ಪಕ್ಷಕ್ಕೆ ಸೆಳೆಯಲು ಅಲ್ಲಿ ನಡೆಸಿದರೆನ್ನಲಾದ ಮಾತುಕತೆಯ ಆಡಿಯೊವನ್ನು ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಬಿಡುಗಡೆ ಮಾಡಿದ್ದರು. ಯಡಿಯೂರಪ್ಪ ಮೊದಲು ಅದು ನಕಲಿ ಎಂದರು. ಆಮೇಲೆ ಭೇಟಿಯಾದದ್ದು ನಿಜ, ಆದರೆ ಮಾತನ್ನು ಕತ್ತರಿಸಿ ಜೋಡಿಸಿದ್ದಾರೆ ಎಂದರು. ಅದೇ ಜುಲೈನಲ್ಲಿ ಸರ್ಕಾರ ಬಿತ್ತು. ಆಗಸ್ಟ್‌ನಲ್ಲಿ ಆರೋಪ ತಿರುಗಿ ನಿಂತಿತು. ಹಿಂದಿನ ಸರ್ಕಾರದ ಕಾಲದಲ್ಲಿ ರಾಜಕಾರಣಿಗಳ, ಅಧಿಕಾರಿಗಳ ಫೋನ್ ಕದ್ದಾಲಿಸಲಾಗಿದೆ ಎಂದು ಹೊಸ ಸರ್ಕಾರ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿತು. ಕುಮಾರಸ್ವಾಮಿ ಆರೋಪವನ್ನು ಅಲ್ಲಗಳೆದರು.

ಈ ಎರಡನ್ನೂ ಜನ ಒಂದೇ ಹೆಸರಿನಿಂದ ಕರೆದರು: ಕದ್ದಾಲಿಕೆ. ಕಾನೂನಿನ ಕಣ್ಣಿಗೆ ಇವು ಬೇರೆ ಬೇರೆ. ಎದುರು ಕೂತು ಮಾತಾಡಿದವನೇ ತನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಅದು ಕದ್ದಾಲಿಕೆ ಅಲ್ಲ. ಮಾತಿನ ಒಂದು ಪಾಲು ಅವನದೇ. 1972ರಲ್ಲಿ ಆರ್.ಎಂ. ಮಲ್ಕಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾತಾಡುತ್ತಿರುವ ಒಬ್ಬರ ಒಪ್ಪಿಗೆಯಿಂದ ಮಾಡಿದ ಟೇಪನ್ನು ಸಾಕ್ಷ್ಯವಾಗಿ ಒಪ್ಪಿತು. ಇಬ್ಬರಿಗೂ ಗೊತ್ತಿಲ್ಲದೆ ಮೂರನೆಯವನು ಕಿವಿ ಇಟ್ಟಾಗಲೇ ಕದ್ದಾಲಿಕೆಯ ಕಾನೂನು ಶುರುವಾಗುವುದು.

ಸಿಡಿಆರ್, ಅಂದರೆ ಕರೆಗಳ ವಿವರದ ದಾಖಲೆ, ಇನ್ನೊಂದು ಸಂಗತಿ. ಅದರಲ್ಲಿ ಮಾತು ಇರುವುದಿಲ್ಲ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಯಾವ ಹ್ಯಾಂಡ್‌ಸೆಟ್, ಯಾವ ಟವರ್ ಎಂಬಷ್ಟೇ ಸಾಲುಗಳು. ಆದರೂ ಒಬ್ಬ ಶಾಸಕ ಯಾವ ರಾತ್ರಿ ಯಾವ ಊರಿನಲ್ಲಿದ್ದ, ಯಾರಿಗೆ ಎಷ್ಟು ಸಲ ಕರೆ ಮಾಡಿದ ಎಂಬುದು ಆ ಹಾಳೆಯಲ್ಲೇ ಬಯಲಾಗುತ್ತದೆ. 2013ರಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿ ಅವರ ಸಿಡಿಆರ್ ಅಕ್ರಮವಾಗಿ ಪಡೆದ ಪ್ರಕರಣದಲ್ಲಿ ದೆಹಲಿಯ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಬಂಧನವಾಯಿತು. ಆಮೇಲೆಯೇ ಎಸ್‌ಪಿ ದರ್ಜೆಯ ಅಧಿಕಾರಿಯ ಮೂಲಕವೇ ಸಿಡಿಆರ್ ಕೇಳಬೇಕೆಂಬ ಕಟ್ಟುನಿಟ್ಟು ಬಂತು.

ನಮ್ಮ ಕಡೆ ಕಕ್ಷಿದಾರರು ಬಂದರೆ ಮಾತು ಹೀಗೆ ಶುರುವಾಗುತ್ತದೆ: "ವಕೀಲ್ರೇ, ಫೋನ್‌ನ್ಯಾಗ ಕಟಕಟ ಸಪ್ಪಳ ಬರ್ತದ್ರಿ. ಗ್ಯಾರಂಟಿ ಟ್ಯಾಪ್ ಮಾಡ್ಯಾರ." ಸಪ್ಪಳ ಬಂದರೆ ನೆಟ್‌ವರ್ಕ್ ಸರಿಯಿಲ್ಲ ಎಂದರ್ಥ. ಸರ್ಕಾರಿ ಆದೇಶದ ಮೇಲೆ ನಡೆಯುವ ಆಲಿಕೆ ಟೆಲಿಕಾಂ ಕಂಪನಿಯ ವ್ಯವಸ್ಥೆಯೊಳಗೇ ನಡೆಯುತ್ತದೆ. ನಿಮ್ಮ ಫೋನಿನಲ್ಲಿ ಸಪ್ಪಳವೂ ಇಲ್ಲ, ಸುಳಿವೂ ಇಲ್ಲ. ಗುರುತು ಉಳಿಯುವುದು ಕಾಗದದಲ್ಲಿ ಮಾತ್ರ. ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಆದೇಶದ ಬಗ್ಗೆಯೇ. ಆದೇಶ ಇದೆಯೇ, ಅದಕ್ಕೆ ಯಾರ ಸಹಿ?

ಆ ಸಹಿ ಮಂತ್ರಿಯದ್ದಾಗಿರುವುದಿಲ್ಲ. ರಾಜ್ಯದಲ್ಲಿ ಫೋನ್ ಆಲಿಸಲು ಆದೇಶ ಕೊಡುವ ಅಧಿಕಾರ ಗೃಹ ಇಲಾಖೆಯ ಕಾರ್ಯದರ್ಶಿಗೆ. ಮೊದಲು 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಂ ಇತ್ತು. ಈಗ 2023ರ ದೂರಸಂಪರ್ಕ ಕಾಯ್ದೆಯ 20(2)ನೇ ಕಲಂ ಮತ್ತು 2024ರ ಡಿಸೆಂಬರ್‌ನಲ್ಲಿ ಬಂದ ನಿಯಮಗಳಿವೆ. ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಇರಲೇಬೇಕು. ಆದೇಶದಲ್ಲಿ ಕಾರಣ ಬರೆಯಬೇಕು. ಅದರ ಆಯುಷ್ಯ ಒಮ್ಮೆಗೆ 60 ದಿನ, ವಿಸ್ತರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ವಿರೋಧಿ ಯಾರ ಜೊತೆ ಸೇರಿ ಸರ್ಕಾರ ಬೀಳಿಸುತ್ತಾನೆ ಎಂದು ತಿಳಿಯುವ ಆಸೆ ಯಾವ ಅರ್ಥದಲ್ಲೂ ಸಾರ್ವಜನಿಕ ಸುರಕ್ಷತೆ ಅಲ್ಲ. ಅಕ್ರಮವಾಗಿ ಆಲಿಸಿದವರಿಗೆ ಹೊಸ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು ಇಲ್ಲವೇ 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈ ಕಟ್ಟಳೆಗಳೆಲ್ಲ ರಾಜಕಾರಣಿಗಳ ಮೇಲಿನ ಬೇಹುಗಾರಿಕೆಯ ಆರೋಪಗಳಿಂದಲೇ ಹುಟ್ಟಿದವು. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಫೋನ್ ಕದ್ದಾಲಿಕೆ ಆರೋಪದ ನಡುವೆ ನೈತಿಕ ಹೊಣೆ ಹೊತ್ತು ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಯಾವ ನ್ಯಾಯಾಲಯವೂ ಆಗ ಅವರನ್ನು ತಪ್ಪಿತಸ್ಥ ಎಂದಿರಲಿಲ್ಲ. 1991ರ ಮಾರ್ಚ್‌ನಲ್ಲಿ ರಾಜೀವ್ ಗಾಂಧಿ ಅವರ ಮನೆಯ ಬಳಿ ಹರಿಯಾಣದ ಇಬ್ಬರು ಪೊಲೀಸರು ಕಣ್ಣಿಟ್ಟಿದ್ದರು ಎಂಬ ಗಲಾಟೆಯಲ್ಲಿ ಚಂದ್ರಶೇಖರ್ ಸರ್ಕಾರವೇ ಹೋಯಿತು. ರಾಜಕಾರಣಿಗಳ ಫೋನ್ ಆಲಿಕೆಯ ಬಗ್ಗೆ ಸಿಬಿಐ ವರದಿ ಹೊರಬಿದ್ದ ಮೇಲೆ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್ 18ರಂದು ಬಂದ ತೀರ್ಪು ಈ ಕಾಲಮಿತಿ, ಸಹಿ, ಪರಿಶೀಲನಾ ಸಮಿತಿಗಳನ್ನು ಕೊಟ್ಟಿತು. ಆದರೆ ನ್ಯಾಯಾಧೀಶರ ಮುಂಗಡ ಅನುಮತಿ ಬೇಕೆಂಬ ವಾದವನ್ನು ಆ ತೀರ್ಪು ಒಪ್ಪಲಿಲ್ಲ.

ದೋಷ ಉಳಿದದ್ದು ಇಲ್ಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೃಹ ಕಾರ್ಯದರ್ಶಿಯ ಆದೇಶವನ್ನು ಪರಿಶೀಲಿಸುವ ರಾಜ್ಯ ಸಮಿತಿಯಲ್ಲಿ ಇರುವವರು ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ ಮತ್ತು ಸರ್ಕಾರದ ಮತ್ತೊಬ್ಬ ಕಾರ್ಯದರ್ಶಿ. ಮೂವರೂ ಅದೇ ಸರ್ಕಾರದ ಅಧಿಕಾರಿಗಳು. ಸಮಿತಿ ಎರಡು ತಿಂಗಳಿಗೊಮ್ಮೆ ಸೇರುತ್ತದೆ. ಮುಂದಿಟ್ಟ ಪಟ್ಟಿಯಲ್ಲಿ ಹೆಸರಿನ ಬದಲು ಬರೀ ನಂಬರು, ಪಕ್ಕದಲ್ಲಿ 'ಸಂಘಟಿತ ಅಪರಾಧ' ಎಂದಿದ್ದರೆ ಆ ನಂಬರು ಯಾರದ್ದೆಂದು ಕೆದಕುವವರು ಯಾರು? ತುರ್ತು ಸಂದರ್ಭದಲ್ಲಂತೂ ಐಜಿ ದರ್ಜೆಯ ಅಧಿಕಾರಿಯೇ ಆಲಿಕೆ ಶುರು ಮಾಡಬಹುದು. ಮೂರು ಕೆಲಸದ ದಿನಗಳೊಳಗೆ ತಿಳಿಸಿ, ಏಳು ಕೆಲಸದ ದಿನಗಳೊಳಗೆ ಮೇಲಿನ ಒಪ್ಪಿಗೆ ಪಡೆದರಾಯಿತು. ಸರ್ಕಾರ ಅಲ್ಲಾಡುತ್ತಿರುವಾಗ ಏಳು ದಿನವೆಂದರೆ ಎಷ್ಟು ದೊಡ್ಡ ಅವಧಿ ಎಂಬುದನ್ನು 2019ರ ಜುಲೈ ಕಂಡವರಿಗೆ ಹೇಳಬೇಕಿಲ್ಲ. ಸಮಿತಿಯಲ್ಲಿ ಒಬ್ಬ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಇರಲೇಬೇಕು ಎಂಬುದು ನನ್ನ ಒತ್ತಾಯ.

ಆದೇಶದ ದಾಖಲೆಯನ್ನು ಆರು ತಿಂಗಳಿಗೊಮ್ಮೆ ನಾಶ ಮಾಡಬೇಕೆಂದು ನಿಯಮವೇ ಹೇಳುತ್ತದೆ. ಜನರ ಖಾಸಗಿತನ ಕಾಯಲು ಬಂದ ನಿಯಮ ಅದು, ಉದ್ದೇಶ ಒಳ್ಳೆಯದೇ. ಆದರೆ ದೂರು ಏಳುವುದು ಸರ್ಕಾರ ಬದಲಾದ ಮೇಲೆ. ಅಷ್ಟರಲ್ಲಿ ಎಷ್ಟೋ ಆರು ತಿಂಗಳು ಕಳೆದಿರುತ್ತವೆ. ಗಡಿಯಾಚೆಯ ತೆಲಂಗಾಣವನ್ನೇ ನೋಡಿ. 2023ರ ಡಿಸೆಂಬರ್‌ನಲ್ಲಿ ಸರ್ಕಾರ ಬದಲಾಗುವ ಹೊತ್ತಿಗೆ ವಿಶೇಷ ಗುಪ್ತಚರ ವಿಭಾಗದ ಹಾರ್ಡ್ ಡಿಸ್ಕ್‌ಗಳನ್ನೇ ನಾಶ ಮಾಡಲಾಯಿತು ಎಂಬುದು ಪೊಲೀಸರ ಆರೋಪ. 2024ರ ಮಾರ್ಚ್‌ನಲ್ಲಿ ಒಬ್ಬ ಡಿಎಸ್‌ಪಿಯ ಬಂಧನವಾಯಿತು. ನಕ್ಸಲರ ಮೇಲೆ ಕಣ್ಣಿಡಬೇಕಾದ ವಿಭಾಗ ವಿರೋಧ ಪಕ್ಷದವರ ಫೋನಿಗೆ ಕಿವಿಗೊಟ್ಟಿತು ಎಂಬ ಆರೋಪವದು. ಡಿಸ್ಕ್ ಹೋದರೆ ಉಳಿಯುವುದು ಅಧಿಕಾರಿಗಳ ಬಾಯಿಮಾತು.

ಆ ಬಾಯಿಮಾತಿಗೆ ಬೆಲೆ ಎಷ್ಟು? 'ಅಧಿಕಾರಿ ಬಾಯಿಬಿಟ್ಟ, ನಾಯಕನ ಹೆಸರು ಹೇಳಿದ' ಎಂದು ಟಿವಿಯಲ್ಲಿ ದಿನವಿಡೀ ಓಡುತ್ತದೆ. ಆರೋಪಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನು ತಡೆಯುತ್ತದೆ. ಮ್ಯಾಜಿಸ್ಟ್ರೇಟ್ ಎದುರು ಹೇಳಿಕೆ ಆಗಬೇಕು, ಅಥವಾ ಅವನು ಮಾಫಿ ಸಾಕ್ಷಿಯಾಗಬೇಕು, ಅಂದರೆ ಕ್ಷಮೆ ಪಡೆದು ಉಳಿದವರ ವಿರುದ್ಧ ಸಾಕ್ಷಿ ಹೇಳಬೇಕು. ಅದರ ಮೇಲೂ ಆಧಾರ ಬೇಕು: ಆಲಿಸಿದ ಮಾತಿನ ಟಿಪ್ಪಣಿ ನಾಯಕನ ಕೈಗೆ ಹೇಗೆ ತಲುಪಿತು, ಯಾವ ಸಂದೇಶದಲ್ಲಿ, ಯಾರ ಮೂಲಕ, ಅದನ್ನು ಇಟ್ಟುಕೊಂಡು ಅವರು ಏನು ಮಾಡಿದರು. ಸಹಿ ಅಧಿಕಾರಿಯದ್ದು, ಲಾಭ ನಾಯಕನದ್ದು. ಇವೆರಡರ ನಡುವಿನ ಕೊಂಡಿ ಸಾಬೀತಾಗದೆ ಯಾವ ರಾಜಕಾರಣಿಯ ಮೇಲೂ ಶಿಕ್ಷೆ ನಿಲ್ಲದು, ನಿಲ್ಲಲೂಬಾರದು.

ದೆಹಲಿ ಸರ್ಕಾರ 2015ರಲ್ಲಿ ಕಟ್ಟಿದ ಫೀಡ್‌ಬ್ಯಾಕ್ ಯೂನಿಟ್ ರಾಜಕೀಯ ಬೇಹುಗಾರಿಕೆ ನಡೆಸಿತೆಂದು ಅಲ್ಲಿನ ಉಪಮುಖ್ಯಮಂತ್ರಿಯಾಗಿದ್ದ ಮನೀಶ್ ಸಿಸೋಡಿಯಾ ಮೇಲೆ 2023ರಲ್ಲಿ ಸಿಬಿಐ ಪ್ರಕರಣ ದಾಖಲಿಸಿದಾಗ ಮುಖ್ಯವಾಗಿ ಬಳಸಿದ್ದು ಭ್ರಷ್ಟಾಚಾರ ತಡೆ ಕಾಯ್ದೆಯನ್ನು. ತನಿಖೆಗೇ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕಾಯಿತು. ರಾಜಕೀಯ ಬೇಹುಗಾರಿಕೆ ಎಂಬ ಹೆಸರಿನ ಅಪರಾಧವೇ ನಮ್ಮ ಕಾನೂನಿನಲ್ಲಿಲ್ಲ. ಅಧಿಕೃತ ರಹಸ್ಯ ಕಾಯ್ದೆಯಲ್ಲಿ ಬರುವ ಬೇಹುಗಾರಿಕೆ ಶತ್ರುದೇಶಕ್ಕೆ ನೆರವಾಗುವ ಬೇರೆ ವಿಷಯ.

ಫೋನಿನೊಳಗೇ ಹೊಕ್ಕು ಬೇಹು ನಡೆಸುವ ಪೆಗಾಸಸ್ ತಂತ್ರಾಂಶದ ಬಗ್ಗೆಯೂ ಕೇಳುತ್ತಾರೆ. 2021ರಲ್ಲಿ ಹೊರಬಂದ ಪಟ್ಟಿಯಲ್ಲಿ ಜಿ. ಪರಮೇಶ್ವರ ಅವರ ನಂಬರು, ಸಿದ್ದರಾಮಯ್ಯ ಮತ್ತು ಕುಮಾರಸ್ವಾಮಿ ಅವರ ಆಪ್ತ ಕಾರ್ಯದರ್ಶಿಗಳ ನಂಬರುಗಳು ಇದ್ದವೆಂದು ವರದಿಯಾಗಿತ್ತು. ಪಟ್ಟಿಯಲ್ಲಿ ನಂಬರು ಇದ್ದ ಮಾತ್ರಕ್ಕೆ ಫೋನ್ ಒಳಹೊಕ್ಕಿದ್ದಾರೆ ಎಂದಲ್ಲ. ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ತಾಂತ್ರಿಕ ಸಮಿತಿ 29 ಫೋನ್ ಪರೀಕ್ಷಿಸಿ 5ರಲ್ಲಿ ದುರುದ್ದೇಶದ ತಂತ್ರಾಂಶ ಕಂಡಿತು, ಅದು ಪೆಗಾಸಸ್ಸೇ ಎನ್ನಲು ಆಧಾರ ಸಿಗಲಿಲ್ಲ.

ನಮ್ಮ ಜಿಲ್ಲೆಗಳ ಮುಖಂಡರು, ಅವರ ಹಿಂಬಾಲಕರು ಇಂಥ ಶಂಕೆ ಬಂದಾಗ ಮೊದಲು ಮಾಡುವುದೇ ಆಡಿಯೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಬಿಡುವುದು. ದಯವಿಟ್ಟು ಬೇಡ. ಫಾರ್ವರ್ಡ್ ಆದ ಪ್ರತಿಯ ಮೇಲೆ ಎದುರು ವಕೀಲರು ನೂರು ಪ್ರಶ್ನೆ ಎತ್ತುತ್ತಾರೆ. ಮೂಲ ಫೋನನ್ನು ಬಳಸದೆ ತೆಗೆದಿಡಿ. ಸಾಕ್ಷ್ಯ ಅಧಿನಿಯಮದ 63(4)ನೇ ಕಲಂ ಕೇಳುವ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿವೆ. ಒಂದಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರದು. ಎರಡರಲ್ಲೂ ಫೈಲಿನ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಬರೆಯಬೇಕು. ಆಮೇಲೆ ಒಂದಕ್ಷರ ಬದಲಾದರೂ ಆ ಸಂಖ್ಯೆ ತಾಳೆಯಾಗುವುದಿಲ್ಲ. ಆರ್‌ಟಿಐ ಹಾಕಿ ಕಾಯಬೇಡಿ, 8ನೇ ಕಲಂ ತೋರಿಸಿ ತಿರಸ್ಕರಿಸುವುದೇ ಹೆಚ್ಚು, ಆರು ತಿಂಗಳ ಗಡುವಂತೂ ನಿಲ್ಲುವುದಿಲ್ಲ. ಗೃಹ ಇಲಾಖೆಗೆ ನಂಬರು ಮತ್ತು ಅವಧಿ ನಮೂದಿಸಿ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ರಾಯಚೂರಿನವರು ಹೈಕೋರ್ಟಿನ ಕಲಬುರಗಿ ಪೀಠದಲ್ಲಿ, ಬಳ್ಳಾರಿ, ಕೊಪ್ಪಳದವರು ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕಬಹುದು. ಆ ಅರ್ಜಿಯಲ್ಲಿ ಮೊದಲ ಕೋರಿಕೆ ತನಿಖೆಯದ್ದಾಗದಿರಲಿ. ಮುಂದಿನ ಆದೇಶದವರೆಗೆ ಆ ನಂಬರಿಗೆ ಸಂಬಂಧಿಸಿದ ಯಾವ ಕಡತವನ್ನೂ, ಪರಿಶೀಲನಾ ಸಮಿತಿಯ ನಡಾವಳಿಯನ್ನೂ ನಾಶ ಮಾಡಬಾರದು ಎಂಬ ಮಧ್ಯಂತರ ಆದೇಶವನ್ನೇ ಮೊದಲು ಕೇಳಿ.